ಹಳೇ ಹೈಟ್ ಗೇಜ್: ಮೊದಲು ಸೊನ್ನೆ ನೋಡಿ

ಹುಬ್ಬಳ್ಳಿ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ಸಣ್ಣ ಮಷೀನ್ ಶಾಪ್ ಒಂದರಲ್ಲಿ ಇನ್‌ಸ್ಪೆಕ್ಷನ್ ನನ್ನ ಕೆಲಸ. ಐಟಿಐ ಮುಗಿಸಿ ಬರೋ ಹುಡುಗರು ಸರ್ಫೇಸ್ ಪ್ಲೇಟ್ (ಅಳತೆಗೆ ಆಧಾರವಾಗೋ ಸಪಾಟು ಹಲಗೆ) ಮೇಲಿನ ಹಳೇ ವರ್ನಿಯರ್ ಹೈಟ್ ಗೇಜ್, ಅಂದರೆ ಎತ್ತರ ಅಳೆಯೋ ಸಾಧನ ನೋಡಿ, "ಡಿಜಿಟಲ್ ಐತಲ್ರೀ ಸರ್, ಇದ್ಯಾಕ್ರೀ?" ಅಂತ ಕೇಳ್ತಾರೆ. ಡಿಜಿಟಲ್‌ನಲ್ಲಿ ಸೊನ್ನೆ ಬಟನ್ ಒತ್ತಿದರೆ ಆಯ್ತು. ಇದರಲ್ಲಿ ಸೊನ್ನೆ ಎಲ್ಲಿದೆ ಅಂತ ನೀವೇ ಹುಡುಕಬೇಕು. ಅದಕ್ಕೇ ಮೊದಲ ವಾರ ಇದನ್ನೇ ಕೈಗೆ ಕೊಡೋದು.

ಓದೋದು ಕಷ್ಟವಲ್ಲ. ನಮ್ಮದರಲ್ಲಿ ಮೇನ್ ಸ್ಕೇಲಿನ ಒಂದು ಗೆರೆ 1 ಮಿ.ಮೀ. ಅದರ ಪಕ್ಕ ಜಾರೋ ಸಣ್ಣ ಸ್ಕೇಲೇ ವರ್ನಿಯರ್, ಅದರಲ್ಲಿ 49 ಮಿ.ಮೀ. ಜಾಗವನ್ನು 50 ಭಾಗ ಮಾಡಿರುತ್ತಾರೆ, ಹಾಗಾಗಿ ಲೀಸ್ಟ್ ಕೌಂಟ್ (ಓದಬಹುದಾದ ಅತಿ ಸಣ್ಣ ಅಳತೆ) 0.02 ಮಿ.ಮೀ. ವರ್ನಿಯರ್‌ನ ಸೊನ್ನೆ 84 ದಾಟಿದೆ, ವರ್ನಿಯರ್‌ನಲ್ಲಿ 3 ಅಂತ ಬರೆದ ಗೆರೆಯಿಂದ ಮೇಲೆ ಎರಡನೇ ಗೆರೆ ಮೇನ್ ಸ್ಕೇಲಿನ ಗೆರೆಗೆ ಸರಿಯಾಗಿ ಕೂತಿದೆ ಅನ್ನಿ. 0.30 ಜೊತೆ 0.04, ಒಟ್ಟು 84.34. ಕಣ್ಣು ಮಾತ್ರ ಆ ಗೆರೆಯ ಮಟ್ಟಕ್ಕೇ ಇರಬೇಕು. ನಿಂತುಕೊಂಡು ಮೇಲಿಂದ ನೋಡಿದರೆ ಪಕ್ಕದ ಗೆರೆ ಕೂತ ಹಾಗೆ ಕಾಣುತ್ತೆ. ಇಂಚಿನ ಗೇಜ್ ಸಿಕ್ಕರೆ ಲೆಕ್ಕ ಬೇರೆ: ಇಂಚಿಗೆ 40 ಗೆರೆ, ವರ್ನಿಯರ್‌ನಲ್ಲಿ 25 ಭಾಗ, ಒಂದೊಂದು ಭಾಗಕ್ಕೆ ಒಂದು ಥೌ, ಅಂದರೆ ಇಂಚಿನ ಸಾವಿರದ ಒಂದು ಭಾಗ.

ಆದರೆ ಈ 84.34 ಜಾಬ್‌ನ (ಅಳೆಯೋ ವಸ್ತುವಿನ) ಎತ್ತರ ಅಂತ ಬರೆದುಬಿಡಬೇಡಿ. ಹಳೇ ಗೇಜಿನ ಸ್ಕ್ರೈಬರ್ (ಜಾಬ್‌ಗೆ ಮುಟ್ಟಿಸೋ ಮೂತಿ) ಎಷ್ಟು ಸಲ ಬದಲಾಗಿದೆಯೋ, ಎಷ್ಟು ಸವೆದಿದೆಯೋ ಯಾರಿಗೆ ಗೊತ್ತು? ಮೊದಲು ಪ್ಲೇಟ್ ಒರೆಸಿ, ಬೇಸ್‌ನ ತಳ ಒರೆಸಿ, ಸ್ಕ್ರೈಬರ್ ಅನ್ನು ನಿಧಾನಕ್ಕೆ ಪ್ಲೇಟ್‌ಗೆ ಮುಟ್ಟಿಸಿ ಓದಿ. 0.06 ತೋರಿಸಿದರೆ ಪ್ರತಿ ಅಳತೆಯಿಂದ ಅಷ್ಟು ಕಳೆಯಬೇಕು, ಅಂದರೆ ನಮ್ಮ ಜಾಬ್ 84.28. ಸ್ಕ್ರೈಬರ್‌ನ ತಳ ಸವೆದಿದ್ದರೆ ವರ್ನಿಯರ್ ಸೊನ್ನೆಗಿಂತ ಕೆಳಗೆ ಇಳಿಯುತ್ತೆ, ಆಗ ಕೂಡಿಸಬೇಕು. ಕೆಲವು ಗೇಜ್‌ಗಳಲ್ಲಿ ಮೇನ್ ಸ್ಕೇಲನ್ನೇ ಸ್ಕ್ರೂ ತಿರುಗಿಸಿ ಸೊನ್ನೆಗೆ ತರಬಹುದು. ಇನ್ನು ಕೆಲವು ಪ್ಲೇಟ್‌ವರೆಗೆ ಇಳಿಯೋದೇ ಇಲ್ಲ. ಅವಕ್ಕೆ ಗೊತ್ತಿರೋ ಎತ್ತರದ ಸ್ಲಿಪ್ ಗೇಜ್ (ನಿಖರ ಅಳತೆಯ ತುಂಡು) ಇಟ್ಟು, ಅದರ ಮೇಲೆ ಮುಟ್ಟಿಸಿ ವ್ಯತ್ಯಾಸ ನೋಡಿ.

ಎರಡು ಬೋರ್‌ಗಳ (ದುಂಡು ತೂತುಗಳ) ನಡುವಿನ ಅಂತರ ಬೇಕಾದಾಗ ಈ ತಲೆನೋವೂ ಇಲ್ಲ. ಸ್ಕ್ರೈಬರ್ ತೆಗೆದು ಲೆವರ್ ಡಯಲ್ (ಸಣ್ಣ ಕಡ್ಡಿ ಅಲುಗಿದರೆ ಮುಳ್ಳು ತಿರುಗೋ ಗೇಜ್) ಕಟ್ಟಿ. ಬೋರ್‌ನ ತಳಕ್ಕೆ ಮುಟ್ಟಿಸಿ, ಅತಿ ಕೆಳಗಿನ ಬಿಂದು ಹುಡುಕಿ, ಡಯಲ್ ಸೊನ್ನೆಗೆ ತಂದು ಓದಿ. ಎರಡನೇ ಬೋರ್‌ನಲ್ಲೂ ಡಯಲ್ ಅದೇ ಸೊನ್ನೆಗೆ ಬರುವಂತೆ ಗೇಜ್ ಏರಿಸಿ ಓದಿ. ಎರಡರ ಡಯಾ (ವ್ಯಾಸ) ಒಂದೇ ಆಗಿದ್ದರೆ ವ್ಯತ್ಯಾಸವೇ ಸೆಂಟರ್ ದೂರ. ಗೇಜಿನ ಸೊನ್ನೆ ಎಲ್ಲಿದ್ದರೂ ಚಿಂತೆಯಿಲ್ಲ, ಕಳೆಯುವಾಗ ಹೋಗಿಬಿಡುತ್ತೆ. ಡಯಾ ಬೇರೆ ಇದ್ದರೆ ಒಂದೊಂದರ ಅರ್ಧ ಡಯಾ ಕೂಡಿಸಿ ಆಮೇಲೆ ಕಳೆಯಿರಿ.

ಸ್ಕ್ರೈಬರ್ ಮೂತಿ ಮುಂದಕ್ಕೆ ಚಾಚಿಕೊಂಡಿರುತ್ತೆ. ಹಾಗಾಗಿ ಬೇಸ್ ಕೆಳಗೆ ಒಂದು ಕೂದಲಿನಷ್ಟು ಚಿಪ್ (ಲೋಹದ ಚೂರು) ಸಿಕ್ಕಿದರೂ ಮುಂದೆ ಅದು ಇನ್ನೂ ದೊಡ್ಡದಾಗಿ ಕಾಣುತ್ತೆ. ಅದಕ್ಕೇ ಸ್ಕ್ರೈಬರ್ ಎಷ್ಟು ಒಳಗಿದ್ದರೆ ಅಷ್ಟು ಒಳ್ಳೇದು. ಗೇಜ್ ಸರಿಸುವಾಗ ಬೇಸ್ ಹಿಡಿದೇ ಸರಿಸಿ, ಕಂಬ ಹಿಡಿದು ಎಳೆಯಬೇಡಿ. ಲಾಕ್ ಸ್ಕ್ರೂ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಓದಿ. ಹಳೇದರಲ್ಲಿ ಬಿಗಿ ಮಾಡುವಾಗಲೇ ಸ್ಲೈಡರ್ (ವರ್ನಿಯರ್ ಇರೋ ಜಾರುವ ಭಾಗ) ಒಂದೆರಡು ಗೆರೆ ಜಾರೋದು ಮಾಮೂಲು.

ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಶೆಡ್ ಒಳಗೆ 35 ಡಿಗ್ರಿ ಸುಮ್ನೆ ದಾಟುತ್ತೆ. ಅಳತೆಯ ಲೆಕ್ಕ ಇರೋದು 20 ಡಿಗ್ರಿಗೆ. ಸ್ಟೀಲ್ ಜಾಬ್ ಆದರೆ ಗೇಜೂ ಜಾಬೂ ಹೆಚ್ಚುಕಡಿಮೆ ಒಟ್ಟಿಗೇ ಹಿಗ್ಗುತ್ತವೆ, ತೊಂದರೆಯಿಲ್ಲ. ಅಲ್ಯೂಮಿನಿಯಂ ಸ್ಟೀಲ್‌ಗಿಂತ ಸುಮಾರು ಎರಡರಷ್ಟು ಹಿಗ್ಗುತ್ತೆ. 300 ಮಿ.ಮೀ. ಎತ್ತರಕ್ಕೆ, 15 ಡಿಗ್ರಿ ಜಾಸ್ತಿ ಇದ್ದರೆ ಸುಮಾರು 0.05 ವ್ಯತ್ಯಾಸ. ಮಷೀನಿಂದ ಆಗತಾನೇ ಇಳಿದ ಬಿಸಿ ಜಾಬ್ ಆದರೆ ಇನ್ನೂ ಜಾಸ್ತಿ. ಅಂಥದ್ದನ್ನು ಪ್ಲೇಟ್ ಮೇಲೆ ಇಟ್ಟು ಊಟಕ್ಕೆ ಹೋಗಿಬನ್ನಿ, ಬಂದು ಅಳೆಯಿರಿ.