ಆನೆಗೊಂದಿ: ಹೊಳೆಯಾಚೆಯ ಹಳೇ ಊರು

14 ಡಿಸೆಂಬರ್ 2023, ಗುರುವಾರ

ಹಂಪಿಗೆ ಎಷ್ಟು ಸಲ ಬಂದರೂ ಆನೆಗೊಂದಿ ಉಳಿದೇ ಹೋಗುತ್ತಿತ್ತು. ಇವತ್ತು ಬೆಳಿಗ್ಗೆಯೇ ತುಂಗಭದ್ರೆಯ ಈಚೆ ದಡದ ತಳವಾರಘಟ್ಟಕ್ಕೆ ಬಂದೆ. ಇಲ್ಲಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಜೀವಗಳೂ ಹೋದವು. ಈಗ ಬುಕ್ಕಸಾಗರದ ಕಡೆಯಿಂದ ಸುತ್ತಿ ಬರಲು ಬೇರೆ ಸೇತುವೆ ಇದೆ. ನನಗೆ ಮಾತ್ರ ಹರಿಗೋಲಿನಲ್ಲೇ ದಾಟಬೇಕಿತ್ತು.

"ಕೆಳಗ ಕುಂದರ್ರಿ, ಅಲುಗಾಡಬ್ಯಾಡ್ರಿ" ಅಂದ ಅಂಬಿಗ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಈ ದಾಟನ್ನೇ ಬರೆದಿಟ್ಟಿದ್ದಾನೆ: ಬುಟ್ಟಿಯಂಥ ದುಂಡನೆಯ ದೋಣಿ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ನೆಟ್ಟಗೆ ಹೋಗದೆ ತಿರುಗುತ್ತಲೇ ಸಾಗುತ್ತದೆ. ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಚೀಲ, ಡಾಂಬರು ಬಂದಿದೆ. ತಿರುಗುವುದು ಬಿಟ್ಟಿಲ್ಲ. ತುಂಗಭದ್ರೆಯ ನಡುವೆ ಬಂಡೆ, ಆಕಾಶ, ದಡ ಎಲ್ಲವೂ ನನ್ನ ಸುತ್ತ ಒಂದು ಸುತ್ತು ಹಾಕಿದವು.

ಪಾಯಸ್ ಬರುವ ಹೊತ್ತಿಗೇ ಆನೆಗೊಂದಿ ಹಳೆಯ ರಾಜಧಾನಿ, ಜನ ಕಡಿಮೆ ಎಂದೂ ಬರೆದಿದ್ದಾನೆ. ಆ ಮಾತು ದಿನವಿಡೀ ಕಾಡಿತು. ಹಂಪಿ ಮೆರೆಯುತ್ತಿದ್ದಾಗಲೇ ಹಳತಾಗಿದ್ದ ಊರು, 1565ರಲ್ಲಿ ಹಂಪಿ ಹಾಳಾದ ಮೇಲೂ ಉಳಿಯಿತು. ಅರಸು ಮನೆತನದವರು ಇಂದಿಗೂ ಇಲ್ಲಿದ್ದಾರೆ.

ಕೋಟೆ ಎಂದು ಬೇರೆ ಹುಡುಕಬೇಕಿಲ್ಲ. ಬಂಡೆ ಮುಗಿದಲ್ಲಿ ಗೋಡೆ, ಗೋಡೆ ಮುಗಿದಲ್ಲಿ ಮತ್ತೆ ಬಂಡೆ. ಕಂದಕದ ಕೆಲಸ ಹೊಳೆಯದ್ದೇ. ಊರಬಾಗಿಲಲ್ಲಿ ಬೈಕು ಓಡಾಡುತ್ತವೆ. ನೆರಳಿಗೆ ಕೂತಿದ್ದ ಅಜ್ಜಿ "ಯಾವೂರಾತಪ್ಪಾ?" ಎಂದು ಕೇಳಿ, ಉತ್ತರ ಹೇಳುವ ಮೊದಲೇ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಹಂಪಿಯಲ್ಲಿ ಕಲ್ಲು ಮುಟ್ಟಲೂ ಅಳುಕುವ ನಾನು ಇಲ್ಲಿ ಬಾಗಿಲಿನ ಕಲ್ಲಿಗೇ ಬೆನ್ನು ಕೊಟ್ಟು ಕೂತೆ. ಕೋಟೆಯೊಳಗೆ ಒಲೆ ಉರಿಯುತ್ತಿದ್ದರೆ ಅದು ಸ್ಮಾರಕವಾಗುವುದಿಲ್ಲ, ಊರಾಗಿಯೇ ಇರುತ್ತದೆ. ನನಗೆ ಇದೇ ಹೆಚ್ಚು ಇಷ್ಟ.

ಗಗನಮಹಲ್, ರಂಗನಾಥನ ಗುಡಿ ನೋಡಿದೆ. ಹುಚ್ಚಪ್ಪಯ್ಯನ ಮಠದ ನುಣುಪಾದ ಕರಿಗಲ್ಲಿನ ಕಂಬಗಳ ಮುಂದೆ ಮಾತ್ರ ಬಹಳ ಹೊತ್ತು ನಿಂತೆ. ನಡುಗಡ್ಡೆಯ ನವಬೃಂದಾವನದಲ್ಲಿ ಒಂಬತ್ತು ಮಾಧ್ವ ಯತಿಗಳ ಸಮಾಧಿಗಳು. ಪುರಂದರದಾಸರ ಗುರು ವ್ಯಾಸರಾಯರ ಬೃಂದಾವನವೂ ಅಲ್ಲೇ. ಕೈಮುಗಿದು ಬಂದೆ.

ಹೊತ್ತು ಮುಳುಗುವಾಗ ಅದೇ ಅಂಬಿಗ ಮರಳಿ ದಾಟಿಸಿದ. ಕೊನೆಯ ಸವಾರಿ ನನ್ನದೇ. ನಾನಿಳಿದ ಮೇಲೆ ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕಿದ. ಅದರ ಬೆನ್ನ ಮೇಲಿನ ನೀರು ಡಾಂಬರಿನ ಗೆರೆಗಳಗುಂಟ ಮರಳಿಗೆ ಇಳಿಯುತ್ತಿತ್ತು.