ಫೈರ್ ಪಿಕೆಟ್‌ನಿಂದ ಅಗ್ನಿಶಾಮಕ ಠಾಣೆಗೆ

ಸೇನೆಯಲ್ಲಿ 17 ವರ್ಷ ಕಳೆದು ಹವಾಲ್ದಾರನಾಗಿ ನಿವೃತ್ತಿ ಹೊಂದಿ ಕೊಡಗಿನ ನನ್ನ ಊರಿಗೆ ಮರಳಿದಾಗ, ನೆಂಟರೆಲ್ಲ ಕೇಳಿದ್ದು ಒಂದೇ ಮಾತು: ಇನ್ನು ತೋಟ ನೋಡಿಕೊಳ್ಳುತ್ತೀಯೋ, ಬೆಂಗಳೂರಿನಲ್ಲಿ ಸೆಕ್ಯೂರಿಟಿ ಕೆಲಸ ಹಿಡಿಯುತ್ತೀಯೋ? ಕಾರ್ಯಪ್ಪ, ತಿಮ್ಮಯ್ಯನವರ ಈ ನಾಡಿನಲ್ಲಿ ಸೇನೆಗೆ ಸೇರುವ ದಾರಿ ತೋರಿಸುವವರು ಊರೂರಿನಲ್ಲೂ ಇದ್ದಾರೆ. ಅಲ್ಲಿಂದ ಮರಳಿದವನಿಗೆ ಮುಂದಿನ ದಾರಿ ಹೇಳುವವರು ಮಾತ್ರ ಕಡಿಮೆ. ಅಗ್ನಿಶಾಮಕ ದಳ ಸೇರಬೇಕೆಂದು ನನ್ನ ಮನಸ್ಸು ಅಷ್ಟರಲ್ಲಾಗಲೇ ಗಟ್ಟಿಯಾಗಿತ್ತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದಾಗ ನಾನು ಲಡಾಖ್‌ನಲ್ಲಿದ್ದೆ. ದೇಶದ ಗಡಿ ಕಾಯುತ್ತಿದ್ದರೂ ನನ್ನ ಊರಿನವರನ್ನು ಕೆಸರಿನಿಂದ ಎತ್ತಲು ನನ್ನ ಕೈ ಇರಲಿಲ್ಲವೆಂಬ ನೋವು ಆ ಮಳೆಗಾಲದ ನಂತರವೂ ಹೋಗಲಿಲ್ಲ.

ರಾಜ್ಯದ ನೇರ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇ 10ರಷ್ಟು ಮೀಸಲಾತಿಯಿದೆ. ಸೇವೆಯ ಅವಧಿಗೆ ಇನ್ನೂ 3 ವರ್ಷ ಸೇರಿಸಿ ವಯೋಮಿತಿಯನ್ನು ಸಡಿಲಿಸುತ್ತಾರೆ. ಹಾಗಾಗಿ ನನಗೂ ಅವಕಾಶ ದೊರೆಯಿತು. ಹತ್ತು ಜನರ ಸೆಕ್ಷನ್ ನಡೆಸಿದವನು ಮತ್ತೆ ಕೆಳಗಿನ ಮೆಟ್ಟಿಲಿನಿಂದ, ನನಗಿಂತ ಎಷ್ಟೋ ಕಿರಿಯರಾದ ಠಾಣಾಧಿಕಾರಿಯ ಕೈಕೆಳಗೆ ಆರಂಭಿಸಬೇಕಾಗಿತ್ತು. ಅದು ಕಷ್ಟವಾಗಲಿಲ್ಲ. ಹಗ್ಗ, ಏಣಿ, ಮುಂಜಾನೆಯ ಡ್ರಿಲ್ ಎಲ್ಲವೂ ಮೈಗೆ ಒಗ್ಗಿದ್ದವೇ. ಬೆಂಕಿಯೂ ಹೊಸದಲ್ಲ ಎಂದುಕೊಂಡಿದ್ದೆ. ಪಲ್ಟನ್‌ನಲ್ಲಿ ಫೈರ್ ಪಿಕೆಟ್, ಅಂದರೆ ಬೆಂಕಿ ಕಾವಲಿನ ಡ್ಯೂಟಿ ಮಾಡಿದ್ದೆ, ಚಳಿಯಲ್ಲಿ ಉರಿಯುವ ಸೀಮೆಎಣ್ಣೆಯ ಬುಖಾರಿ ಎಂಬ ಒಲೆಯಿಂದ ಟೆಂಟಿಗೆ ಬೆಂಕಿ ಹತ್ತದಂತೆ, ಮುಚ್ಚಿದ ಕೋಣೆಯಲ್ಲಿ ವಿಷಗಾಳಿ ತುಂಬದಂತೆ ರಾತ್ರಿಯಿಡೀ ಕಾದಿದ್ದೆ.

ನನಗೆ ಗೊತ್ತಿಲ್ಲದ ವಿಷಯವೊಂದು ಮೊದಲ ವರ್ಷದ ಫೆಬ್ರವರಿಯಲ್ಲಿ ತಿಳಿಯಿತು. ಒಂದು ಕಾಫಿ ತೋಟದಲ್ಲಿ ಕಾರ್ಮಿಕರ ಸಾಲುಮನೆಗೆ, ಅಂದರೆ ಲೈನ್ ಮನೆಗೆ ಬೆಂಕಿ ಬಿದ್ದಿತ್ತು. ಸುತ್ತ ನೆರೆದವರನ್ನು ನಾನು ಸೇನೆಯ ಗಂಟಲಿನಲ್ಲಿಯೇ ಗದರಿಸಿ ಹಿಂದಕ್ಕೆ ಕಳುಹಿಸುತ್ತಿದ್ದೆ. ಒಬ್ಬ ಮುದುಕಿ ಮತ್ತೆ ಮತ್ತೆ ಮುಂದೆ ಬಂದು ಏನೋ ಹೇಳಲು ಯತ್ನಿಸುತ್ತಿದ್ದರು. ಅವರನ್ನೂ ತೋಳು ಹಿಡಿದು ದೂರ ಸರಿಸಿದೆ. ನಮ್ಮ ಅಧಿಕಾರಿ ಓಡಿಬಂದು, "ಏನವ್ವಾ, ಹೇಳಿ" ಎಂದು ಅವರ ಪಕ್ಕ ಬಾಗಿ ನಿಂತರು. ಹಿಂದಿನ ಕೋಣೆಯಲ್ಲಿ ತುಂಬಿದ ಗ್ಯಾಸ್ ಸಿಲಿಂಡರ್ ಇತ್ತು, ಅದೂ ನಾನು ಹೋಸ್ ಹಿಡಿದು ನುಗ್ಗಲಿದ್ದ ಬಾಗಿಲಿನ ಪಕ್ಕದಲ್ಲಿಯೇ. ನಾವು ದೂರದಲ್ಲಿ ಮರೆ ಹಿಡಿದು ಮೊದಲು ಅದರ ಮೇಲೆ ನೀರು ಹಾಯಿಸಿ ತಣ್ಣಗಾಗಿಸಿದೆವು. ಬೆಂಕಿ ಆರಿಸಿದ್ದು ಆಮೇಲೆ. ಸೇನೆಯಲ್ಲಿ ಮಾಹಿತಿ ಮೇಲಿನಿಂದ ಆದೇಶದೊಡನೆ ಬರುತ್ತದೆ. ಇಲ್ಲಿ ಅದು ಅಂಗಳದಲ್ಲಿ ಅಳುತ್ತ ನಿಂತವರ ಬಾಯಲ್ಲಿರುತ್ತದೆ. ಆ ರಾತ್ರಿಯ ನನ್ನ ತಪ್ಪನ್ನು ನಾನು ಇಂದಿಗೂ ಕ್ಷಮಿಸಿಕೊಂಡಿಲ್ಲ.

ಕೊಡಗಿನಲ್ಲಿ ಹೀಗೆ ಕೇಳಿ ತಿಳಿಯಬೇಕಾದ್ದು ಬಹಳವಿದೆ. ನಮ್ಮ ವಾಟರ್ ಟೆಂಡರ್‌ನಲ್ಲಿ, ಅಂದರೆ ನೀರು ಹೊತ್ತ ಅಗ್ನಿಶಾಮಕ ವಾಹನದಲ್ಲಿ, ಹಿಡಿಸುವುದು 4500 ಲೀಟರ್. ಒಂದೇ ಹೋಸ್ ಜೋರಾಗಿ ಹರಿದರೆ ಹತ್ತು ನಿಮಿಷದ ಆಸುಪಾಸಿನಲ್ಲಿ ಅದು ಬರಿದಾಗುತ್ತದೆ. ಎಷ್ಟೋ ತೋಟಗಳ ದಾರಿಯಲ್ಲಿ ಆ ವಾಹನ ಗೇಟಿನಿಂದಾಚೆಗೆ ಹೋಗುವುದೂ ಇಲ್ಲ. ಆಗ ತೋಟದ ಕೆಲಸ ನೋಡಿಕೊಳ್ಳುವ ರೈಟರನ್ನು ಹುಡುಕಿ, ಕಾಫಿ ಹೂ ಬಿಡಿಸುವ ಹೂಮಳೆ ಬಾರದ ವರ್ಷ ಕಾಫಿಗೆ ನೀರು ಹಾಯಿಸುವ ಕೆರೆ ಎಲ್ಲಿದೆ, ಪಂಪು ಮತ್ತು ಪೈಪು ಯಾವ ಸ್ಥಿತಿಯಲ್ಲಿವೆ ಎಂದು ಕೇಳುತ್ತೇವೆ. ಬೆಳೆ ಉಳಿಸಲು ಮಾಡಿಟ್ಟ ಕೆರೆಯೇ ಮನೆಯನ್ನೂ ಉಳಿಸುವುದನ್ನು ಕಂಡಿದ್ದೇನೆ. ಬೇಸಿಗೆಯಲ್ಲಿ ಕಾಡಿನ ಅಂಚಿನ ತರಗೆಲೆಗೆ ಬೆಂಕಿ ಬಿದ್ದರೆ ಟೆಂಡರ್‌ಗಿಂತ ಹಸಿರು ಸೊಪ್ಪಿನ ಕೊಂಬೆ ಹಿಡಿದ ಕೈಗಳೇ ಹೆಚ್ಚು ಕೆಲಸ ಮಾಡುತ್ತವೆ, ಮತ್ತು ಗಾಳಿ ಯಾವ ಹೊತ್ತಿಗೆ ಯಾವ ಕಡೆ ತಿರುಗುತ್ತದೆಂದು ಅಲ್ಲಿನ ಕಾರ್ಮಿಕರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಇಲ್ಲಿ ಮನೆಯೊಳಗೆ ಹೋಗುವ ಮೊದಲು ಕೇಳಲೇಬೇಕಾದ ಪ್ರಶ್ನೆ ಇನ್ನೊಂದಿದೆ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇರುವುದರಿಂದ ಎಷ್ಟೋ ಮನೆಗಳಲ್ಲಿ ಕೋವಿಯಿದೆ, ಕಾಡತೂಸೂ ಇದೆ. ಬೆಂಕಿಯಲ್ಲಿ ಬಿಡಿ ಕಾಡತೂಸು ಸಿಡಿದರೂ ಕೋವಿಯಿಂದ ಹಾರಿದಷ್ಟು ವೇಗ ಅದಕ್ಕಿರುವುದಿಲ್ಲ. ತುಂಬಿಟ್ಟ ಕೋವಿ ಬಿಸಿಯಾದರೆ ಮಾತ್ರ ಅದರ ನಳಿಕೆ ತಿರುಗಿದ ಕಡೆಗೆ ಗುಂಡು ಹಾರೀತು. ಇದನ್ನು ಹೊಸ ಹುಡುಗರಿಗೆ ವಿವರಿಸುವ ಕೆಲಸವನ್ನು ಠಾಣೆಯಲ್ಲಿ ನನಗೇ ಬಿಟ್ಟಿದ್ದಾರೆ. ಕಳೆದ ಬೇಸಿಗೆಯಲ್ಲಿ ಒಂದು ಮನೆಯ ಯಜಮಾನರು ನಾನು ಕೇಳುವ ಮೊದಲೇ, "ಕೋವಿ ಬಲಗಡೆಯ ಕೋಣೆಯಲ್ಲಿದೆ, ನಿನ್ನೆಯೇ ಬರಿದು ಮಾಡಿಟ್ಟಿದ್ದೇನೆ" ಎಂದರು. ಆದರೂ ನಾವು ಎಡಗಡೆಯಿಂದಲೇ ಒಳಹೊಕ್ಕೆವು.