ಮೀಟರು 45 ತೋರಿಸುತ್ತಿತ್ತು

21ನೇ ದಿನ ರಾತ್ರಿ ಹನ್ನೊಂದೂವರೆ. 16 ಮೊಟ್ಟೆಯಲ್ಲಿ ಆಚೆ ಬಂದದ್ದು ಮೂರೇ ಮರಿ. ಇನ್ನೊಂದು ಹಿಂದಿನ ರಾತ್ರಿಯೇ ಪಿಪ್ ಆಗಿ, ಅಂದರೆ ಕೊಕ್ಕಿನಿಂದ ಸಿಪ್ಪೆಗೆ ತೂತು ಹಾಕಿ, ಅಲ್ಲಿಗೇ ನಿಂತಿತ್ತು. ಉಳಿದ 12ರಲ್ಲಿ ಸದ್ದೇ ಇಲ್ಲ. ಮೊಟ್ಟೆಗೆ ಕಾವು ಕೊಡುವ ಮೆಷಿನ್, ಇನ್ಕ್ಯುಬೇಟರಿನ ಗಾಜಿಗೆ ಹಣೆ ಒತ್ತಿಕೊಂಡು ಕೂತಿದ್ದೆ. ಗಂಟೆಗೊಮ್ಮೆ ಯಜಮಾನರ ಮೆಸೇಜು: "ಎಷ್ಟಾಯ್ತು?"

ಅವರ ಮನೆಯ ಹಿಂಭಾಗದಲ್ಲೇ ನಮ್ಮ ಕೆಲಸ. ಆರ್ಪಿಂಗ್ಟನ್ ತಳಿಯ ಕೋಳಿ ಸಾಕಿ, ಮರಿ ಮಾಡಿಸಿ ಕೊಡುವುದು. ನಾನು, ನನಗಿಂತ ಹತ್ತು ವರ್ಷ ಮೊದಲು ಈ ಕೆಲಸಕ್ಕೆ ಬಂದ ಅಕ್ಕ, ಇಬ್ಬರೇ. ಮಾತು ಕೊಡುವುದು ಯಜಮಾನರು, ಮರಿ ಕೊಡಬೇಕಾದವರು ನಾವು.

ಆ ಸಲ ಮೆಷಿನ್‌ಗೆ ಇಟ್ಟದ್ದು 24. ಏಳನೇ ದಿನ ಮೊಟ್ಟೆಗೆ ಬೆಳಕು ಹಿಡಿದು ಒಳಗೆ ನೋಡುವ ಕ್ಯಾಂಡ್ಲಿಂಗ್‌ನಲ್ಲಿ ಏಳು ಕ್ಲಿಯರ್, ಅಂದರೆ ಫಲವೇ ಕಟ್ಟದವು; ಒಂದು ಬ್ಲಡ್ ರಿಂಗ್, ಶುರುವಿನಲ್ಲೇ ಸತ್ತದ್ದು. ಕ್ಲಿಯರ್ ಯಾಕೆ ಬರುತ್ತವೆ ಅಂತ ನಮಗೆ ಗೊತ್ತು. ಈ ತಳಿಯ ಹಿಂಬದಿಯೆಲ್ಲ ಹತ್ತಿಯ ಮೂಟೆ. ಹುಂಜ ಹತ್ತಿದರೂ ಪುಕ್ಕ ಅಡ್ಡ ಬಂದು ಕೆಲಸ ಕೆಡುತ್ತದೆ. ಜೋಡಿ ಬಿಡುವ ಮೊದಲು ಹುಂಜಕ್ಕೂ ಹೇಟೆಗೂ ಗುದದ ಸುತ್ತ ಕತ್ತರಿ ಆಡಿಸಿದರೆ ಮುಗಿಯಿತು. ಯಜಮಾನರು ಒಪ್ಪಬೇಕಲ್ಲ. "ಅಂದ ಹೋಗುತ್ತೆ" ಅನ್ನುತ್ತಾರೆ. 1886ರಲ್ಲಿ ಇಂಗ್ಲೆಂಡಿನ ಕೆಂಟ್‌ನ ವಿಲಿಯಂ ಕುಕ್ ಈ ತಳಿ ಕಟ್ಟಿದ್ದು ಮೊಟ್ಟೆಗೂ ಮಾಂಸಕ್ಕೂ ಆಗಲಿ ಎಂದು. ಇಷ್ಟೊಂದು ಪುಕ್ಕ ಬಂದದ್ದು ಆಮೇಲೆ, ಪ್ರದರ್ಶನದ ಹುಚ್ಚಿನವರಿಂದ. ಇದನ್ನು ಯಜಮಾನರಿಗೆ ಒಮ್ಮೆ ಹೇಳಿ ನೋಡಿದ್ದೇನೆ. ಇನ್ನೊಮ್ಮೆ ಹೇಳುವುದಿಲ್ಲ.

ಆದರೆ ಉಳಿದ 16ರ ಗತಿಗೆ ಕಾರಣ ಯಜಮಾನರಲ್ಲ, ನಾನು.

ಮೊಟ್ಟೆ ಇಡುವಾಗಲೇ ಅದರ ತೂಕವನ್ನು ಸಿಪ್ಪೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆಯುವುದು ಅಕ್ಕನ ಪದ್ಧತಿ. ಮೆಷಿನ್ ಬಂದ ಮೇಲೂ ಇದೆಲ್ಲ ಯಾಕೆ ಅಂತ ನಾನು ನಗುತ್ತಿದ್ದೆ. 14ನೇ ದಿನ ಕತ್ತಲೆ ಕೋಣೆಯಲ್ಲಿ ಟಾರ್ಚ್ ಹಿಡಿದು ನೋಡುತ್ತಿದ್ದಾಗ ಅಕ್ಕ, "ಏರ್ ಸೆಲ್ ಚಿಕ್ಕದಾಯ್ತು ಕಣೋ, ನೀರು ಕಮ್ಮಿ ಮಾಡು" ಅಂದಳು. ಏರ್ ಸೆಲ್ ಅಂದರೆ ಮೊಟ್ಟೆಯ ದಪ್ಪ ತುದಿಯ ಗಾಳಿ ಜಾಗ; ಒಳಗಿನ ನೀರು ಆರಿದಷ್ಟೂ ಅದು ದೊಡ್ಡದಾಗಬೇಕು. ಚಿಕ್ಕದೇ ಇತ್ತು. ನನ್ನ ಕಣ್ಣಿಗೂ ಕಂಡಿತ್ತು. ಏಳನೇ ದಿನಕ್ಕೆ ಇರಬೇಕಾದಷ್ಟು ಜಾಗ, ಅಷ್ಟೇ.

"ಮೀಟರ್ 45 ತೋರಿಸ್ತಿದೆಯಲ್ಲಕ್ಕ" ಅಂದೆ. ಬಿಸಿ 37.5 ಡಿಗ್ರಿ, ಹ್ಯುಮಿಡಿಟಿ ಅಂದರೆ ಗಾಳಿಯ ತೇವ ನೂರಕ್ಕೆ 45, ಪುಸ್ತಕದಲ್ಲಿ ಇದ್ದ ಹಾಗೇ. ಅಕ್ಕ ಮುಂದೆ ಮಾತಾಡಲಿಲ್ಲ. 18ನೇ ದಿನ ಲಾಕ್‌ಡೌನ್ ಮಾಡಿ, ಅಂದರೆ ಮೊಟ್ಟೆ ಹೊರಳಿಸುವುದು ನಿಲ್ಲಿಸಿ ಮುಚ್ಚಳ ಮುಚ್ಚಿ, ಟ್ರೇಗೆ ನೀರು ತುಂಬಿ 65ಕ್ಕೆ ಏರಿಸಿದೆ.

ಈಗ ಆ ರಾತ್ರಿಗೆ ಬರೋಣ. ಪಿಪ್ ಆಗಿದ್ದ ಮೊಟ್ಟೆಯಲ್ಲಿ ಅವರೆಕಾಳಿನಷ್ಟು ತೂತು. ಅಂಚಿಗೆ ಹಳದಿ ಅಂಟು ಒಣಗಿ ಗೋಂದಿನ ಹಾಗೆ ಹೊಳೆಯುತ್ತಿತ್ತು. ಒಳಗೆ ಕೊಕ್ಕು ಒಮ್ಮೆ ತೆರೆಯಿತು, ಮುಚ್ಚಿತು. ಕೀ ಅನ್ನುವ ದನಿಯೂ ಸಣ್ಣಗಾಗುತ್ತಾ ಬಂತು. ಪೊರೆ ಒಣಗಿ ಮರಿಗೆ ಅಂಟಿಕೊಂಡಿದೆ ಎಂದು ನಾನೇ ತೀರ್ಮಾನಿಸಿದೆ. ಅದಕ್ಕೆ ಮಾಡಿದ್ದೇನು? ಇನ್ನೊಂದು ಲೋಟ ಬಿಸಿನೀರು ಸುರಿದೆ. ಮುಳುಗುವವನಿಗೆ ನೀರು ಕುಡಿಸಿದ ಹಾಗೆ.

ಹನ್ನೆರಡೂಕಾಲಿಗೆ ತಡೆಯಲಾಗಲಿಲ್ಲ. ಮುಚ್ಚಳ ತೆಗೆದೆ. ಮೊಟ್ಟೆ ಕೈಗೆ ತೆಗೆದುಕೊಂಡು ಚಿಮಟದಿಂದ ಸಿಪ್ಪೆಯ ಒಂದು ಚೂರು ಎತ್ತಿದೆ. ಏನೂ ಆಗಲಿಲ್ಲ. ಎರಡನೆಯದು ಎತ್ತಿದೆ. ಮೂರನೆಯ ಚೂರಿನ ಕೆಳಗೆ ಪೊರೆಯ ಮೇಲೆ ಕೂದಲೆಳೆಯಂಥ ಕೆಂಪು ಗೆರೆ, ಅದರ ತುದಿಯಲ್ಲಿ ಸಾಸಿವೆ ಗಾತ್ರದ ರಕ್ತದ ಹನಿ. ಹನಿ ದಪ್ಪವಾಗುತ್ತಾ ಹೋಯಿತು. ರಕ್ತನಾಳ ಇನ್ನೂ ಬತ್ತಿರಲಿಲ್ಲ, ಹಳದಿ ಇನ್ನೂ ಹೊಟ್ಟೆ ಸೇರಿರಲಿಲ್ಲ. ಮರಿಗೆ ಅವಸರವಿರಲಿಲ್ಲ, ನನಗಿತ್ತು. ಹತ್ತಿ ಒತ್ತಿ ಹಿಡಿದು ಉಸಿರು ಬಿಗಿಹಿಡಿದು ನಿಂತೆ. ಎಷ್ಟು ಹೊತ್ತು ಅಂತ ಹೇಳಲಾರೆ, ಕೈ ಮಾತ್ರ ನಡುಗುತ್ತಿತ್ತು. ರಕ್ತ ನಿಂತ ಮೇಲೆ ಮೊಟ್ಟೆಯನ್ನು ಒಳಗಿಟ್ಟು, ಮುಚ್ಚಳ ಹಾಕಿ, ಕೋಣೆಯಿಂದಲೇ ಆಚೆ ಬಂದೆ. ಮೆಸೇಜಿಗೆ ಉತ್ತರ ಕೊಡಲಿಲ್ಲ.

ನಾಲ್ಕೂವರೆಗೆ ಅದು ತಾನಾಗಿಯೇ ಆಚೆ ಬಂದಿತ್ತು. ಮೈಯೆಲ್ಲ ಅಂಟು, ಬೆನ್ನಿನ ಒಂದು ಕಡೆ ಸಿಪ್ಪೆಯೇ ಮೆತ್ತಿಕೊಂಡಿತ್ತು. ಒಟ್ಟು ನಾಲ್ಕು.

23ನೇ ದಿನ ಉಳಿದ 12ನ್ನು ಒಡೆದು ನೋಡಿದೆವು. ಈ ಕೆಲಸ ಯಾರಿಗೂ ಬೇಡ. ಒಂಬತ್ತರಲ್ಲಿ ಮರಿ ಪೂರ್ತಿ ಬೆಳೆದು, ಕೊಕ್ಕು ಏರ್ ಸೆಲ್‌ಗೆ ತೂರಿಸಿ, ಅಲ್ಲೇ ಸತ್ತಿತ್ತು. ಒಡೆದಾಗ ಬೆರಳ ಸಂದಿಯಿಂದ ನೀರು ಸೋರಿತು. ಅಕ್ಕ ಒಂದೂ ಮಾತಾಡದೆ, 18ನೇ ದಿನ ತಾನು ತೂಗಿ ಬರೆದಿಟ್ಟಿದ್ದ ಚೀಟಿ ತಂದು ಮುಂದಿಟ್ಟಳು. 60 ಗ್ರಾಂ ಮೊಟ್ಟೆ ಅಷ್ಟು ಹೊತ್ತಿಗೆ ಏಳೆಂಟು ಗ್ರಾಂ ಇಳಿಯಬೇಕು. ನಮ್ಮವು ನಾಲ್ಕರ ಆಸುಪಾಸಿನಲ್ಲೇ ಇದ್ದವು.

ಅಂದು ಸಂಜೆ ಸೆನ್ಸರ್ ಬಿಚ್ಚಿ, ಬಾಟಲಿ ಮುಚ್ಚಳದಲ್ಲಿ ಒದ್ದೆ ಉಪ್ಪು ಹಾಕಿ, ಎರಡನ್ನೂ ಜಿಪ್ ಕವರಿನಲ್ಲಿ ಮುಚ್ಚಿಟ್ಟೆ. ಉಪ್ಪಿನ ಜೊತೆ ಒಂದು ರಾತ್ರಿ ಇದ್ದರೆ ಯಾವ ಮೀಟರೂ 75 ಹೇಳಬೇಕು. ನಮ್ಮದು 61 ಹೇಳಿತು. ಅಂದರೆ ನಾನು 45 ಅಂದುಕೊಂಡಿದ್ದು ನಿಜದಲ್ಲಿ 60ರ ಹತ್ತಿರ. ಚಿಟಿಕೆ ಉಪ್ಪಿನ ಪರೀಕ್ಷೆ, ಮೊದಲೇ ಮಾಡಬಹುದಿತ್ತು.

ಅದೇ ವಾರ, ಅದೇ ಗೂಡಿನ ಒಂಬತ್ತು ಮೊಟ್ಟೆಯನ್ನು ಅಕ್ಕ ಕಾವಿಗೆ ಕೂತಿದ್ದ ಹೇಟೆಯ ಕೆಳಗೂ ಇಟ್ಟಿದ್ದಳು. ಎರಡು ಕ್ಲಿಯರ್, ಏಳು ಮರಿ. ನನ್ನ ಕಣ್ಣೆದುರೇ ಅವನ್ನು ಎಣಿಸಿದಳು. ಬೇಕಂತಲೇ.

ಯಜಮಾನರು ಇದಕ್ಕೆ ಕಂಡುಕೊಂಡ ಪರಿಹಾರ ಹೊಸ ಮೆಷಿನ್. ಮೊಬೈಲಿಗೇ ಹ್ಯುಮಿಡಿಟಿ ಕಳಿಸುತ್ತದಂತೆ, ಕತ್ತರಿಗಿಂತ ಅದೇ ಸುಲಭವಂತೆ. ಬಂದ ದಿನವೇ ಅದರ ಸೆನ್ಸರನ್ನೂ ಉಪ್ಪಿನ ಕವರಿಗೆ ಹಾಕಿದೆ. ಬೆಳಿಗ್ಗೆ 69. ಅಕ್ಕ ಬಂದವಳೇ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಹೊಚ್ಚ ಹೊಸ ಮುಚ್ಚಳದ ಮೇಲೆ ದೊಡ್ಡದಾಗಿ "+6" ಅಂತ ಗೀಚಿದಳು.